ಬೋನಾಳದ ಹಳೇ ಒಕ್ಕಲು



ನವೆಂಬರ್ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿಗೆ ಒಂದು ವಿಡಿಯೋ ಬರುತ್ತೆ. ವರ್ಷಾ ವರ್ಷ ಬರುತ್ತೆ. ಒಂದು ಕೆರೆ, ಕೆರೆ ತುಂಬಾ ಹಕ್ಕಿ, ದಂಡೆ ಮೇಲೆ ನಿಂತು ಮೊಬೈಲಲ್ಲಿ ಫೋಟೋ ಹೊಡೀತಿರೋ ನಾಲ್ಕು ಹುಡುಗರು. ಜಿಲ್ಲಾ ವರದಿಗಾರರು ಚಳಿಯಲ್ಲಿ ಬೆಳಗಿನ ಜಾವ ಎದ್ದು ಹೋಗಿ ಕಷ್ಟಪಟ್ಟು ತೆಗೆದಿರ್ತಾರೆ. ನಾವು ಇಲ್ಲಿ ಕೂತು ಅದನ್ನ ನಲವತ್ತು ಸೆಕೆಂಡಿಗೆ ಕತ್ತರಿಸ್ತೀವಿ, ಹಿಂದೆ ಒಂದು ಸಿನಿಮಾ ಹಾಡು ಹಾಕ್ತೀವಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೀತೀವಿ: ‘ವಿದೇಶಿ ಅತಿಥಿಗಳ ಕಲರವ’. ಆಮೇಲೆ ಚಿನ್ನದ ಬೆಲೆ. ಆಮೇಲೆ ರಾಶಿಭವಿಷ್ಯ.

ಈ ಹೆಡ್‌ಲೈನನ್ನ ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಇವತ್ತು ಹೇಳೋಕೆ ಹೊರಟಿರೋದು ಏನಂದ್ರೆ, ಆ ಹೆಡ್‌ಲೈನ್ ತಪ್ಪು. ಬರೀ ಪದದ ತಪ್ಪಾಗಿದ್ರೆ ಸುಮ್ಮನಿರಬಹುದಿತ್ತು. ಆ ತಪ್ಪಿನಿಂದ ಕೆರೆಗೆ ನಷ್ಟ ಆಗ್ತಿದೆ, ಹಕ್ಕಿಗೆ ಆಗ್ತಿದೆ, ಕೆರೆ ಪಕ್ಕದ ರೈತನಿಗೂ ಆಗ್ತಿದೆ.

ಮೊನ್ನೆ ಸಂಬಂಧಿಕರ ಮದುವೆಗೆ ಶಹಾಪುರಕ್ಕೆ ಹೋಗಿದ್ದೆ. ಮಲಗಿದ ಬುದ್ಧನ ಬೆಟ್ಟ ಗೊತ್ತಲ್ಲ, ಆ ಊರು. ಮಾರನೇ ದಿನ ಬಸ್ಸು ರಾತ್ರಿಗಿತ್ತು. ಇಡೀ ಹಗಲು ಖಾಲಿ. ಇಷ್ಟು ವರ್ಷ ಹೆಸರು ಓದಿದ್ದೇ ಬಂತು, ಒಂದು ಸಲ ಕಣ್ಣಾರೆ ನೋಡೋಣ ಅಂತ ಸುರಪುರದ ಕಡೆ ಹೊರಟೆ. ಬೋನಾಳ ಕೆರೆಗೆ.

ಯಾದಗಿರಿ ಜಿಲ್ಲೆ ಅಂದ್ರೆ ಬೆಂಗಳೂರಿನಲ್ಲಿ ಕೂತವರ ತಲೆಗೆ ಬರೋ ಚಿತ್ರ ಒಂದೇ: ಬಿಸಿಲು, ಬಂಡೆ, ಗುಳೆ ಹೋಗೋ ಜನ. ನಾವು ಚಾನೆಲ್‌ನವರೂ ಅದನ್ನೇ ತೋರಿಸಿ ತೋರಿಸಿ ಗಟ್ಟಿ ಮಾಡಿದ್ದೀವಿ. 2009ರ ಡಿಸೆಂಬರ್ 30ಕ್ಕೆ ಈ ಜಿಲ್ಲೆ ಹುಟ್ಟಿತು. ಕೃಷ್ಣಾ, ಭೀಮಾ ಅಂತ ಎರಡು ದೊಡ್ಡ ನದಿ ಹರಿಯೋ ಜಿಲ್ಲೆ ಇದು ಅನ್ನೋದು ಪ್ರವಾಹ ಬಂದಾಗ ಮಾತ್ರ ನಮಗೆ ನೆನಪಾಗುತ್ತೆ.

ಬೋನಾಳದ ದಂಡೆ ಮೇಲೆ ಹತ್ತಿ ನಿಂತಾಗ ಬೆಳಿಗ್ಗೆ ಎಂಟು ಗಂಟೆ ಇರಬಹುದು. ನೂರಾರು ಎಕರೆ ನೀರು. ಅರ್ಧ ಕೆರೆಯಲ್ಲಿ ಆಪು, ಜಂಬು ಬೆಳೆದು ನಿಂತಿದೆ. ಆ ಜಂಬಿನ ಒಳಗಿಂದ ನೇರಳೆ ಬಣ್ಣದ, ಕೆಂಪು ಮೂತಿಯ, ಕೋಳಿ ಗಾತ್ರದ ಹಕ್ಕಿ ಒಂದೊಂದೇ ಹೊರಗೆ ಬಂದು ಬಾಲ ಕುಣಿಸಿ ಮತ್ತೆ ಒಳಗೆ ಹೋಗ್ತಿದ್ದವು. ನೇರಳೆ ಜಂಬುಕೋಳಿ. ಪಕ್ಕದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ನೇರಳೆ ಬಕ. ಒಂದು ಕಪ್ಪು ಬಿಳುಪು ಮಿಂಚುಳ್ಳಿ ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಂತು, ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು. ದೂರದಲ್ಲಿ, ನೀರು ಹಿಂದೆ ಸರಿದಿದ್ದ ಕಡೆ, ಬೂದು ಬಣ್ಣದ ದೊಡ್ಡ ಬಾತುಗಳ ಗುಂಪು. ತಲೆ ಬಿಳಿ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು.

ದಂಡೆ ಮೇಲೆ ಎಮ್ಮೆ ಮೇಯಿಸ್ತಾ ಒಬ್ಬರು ವಯಸ್ಸಾದವರು ಕೂತಿದ್ರು. “ಮುತ್ಯಾ, ಇವು ಫಾರಿನ್ ಹಕ್ಕಿ ಅಲ್ಲೇನ್ರಿ?” ಅಂತ ಕೇಳಿದೆ. ನಾನು ಟೀವಿಯವನು ಅಂತ ಅವರಿಗೆ ಗೊತ್ತಿರಲಿಲ್ಲ, ಅದೇ ಪುಣ್ಯ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿ ಹೇಳಿದ್ರು: “ಯಾ ಫಾರಿನ್ನೋ ತಮ್ಮಾ? ನಮ್ ಮುತ್ಯಾನ ಕಾಲದಾಗೂ ಇಲ್ಲೇ ಅದಾವ. ಜ್ವಾಳ ಬಿತ್ತಿದ ಮ್ಯಾಲ ಬರ್ತಾವ, ಬಿಸಲ ಹತ್ತಿದ ಮ್ಯಾಲ ಹೋಗ್ತಾವ. ನಮ್ಮ ಮಂದಿನೂ ಹಂಗ ದುಡಿಯಾಕ ಹೋಗಿ ಬರ್ತಾರಲ್ಲ, ಅವರಿಗೇನ್ ಫಾರಿನ್ ಮಂದಿ ಅಂತೀಯೇನು?”

ನಾನು ಬಾಯಿ ಮುಚ್ಚಿಕೊಂಡೆ.

ಲೆಕ್ಕ ಹಾಕಿ ನೋಡಿ. ಹೆಬ್ಬಾತು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡುತ್ತೆ. ನವೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತೆ, ಮಾರ್ಚ್ ಹೊತ್ತಿಗೆ ವಾಪಸ್. ವರ್ಷದಲ್ಲಿ ನಾಲ್ಕೈದು ತಿಂಗಳು ಇಲ್ಲೇ ವಾಸ. ನಮ್ಮೂರಿಂದ ಬೆಂಗಳೂರಿಗೆ, ಹೈದರಾಬಾದಿಗೆ ದುಡಿಯೋಕೆ ಹೋಗೋರು ಕೂಡ ಊರಲ್ಲಿ ಅಷ್ಟು ದಿನ ಇರಲ್ಲ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಈ ಹಕ್ಕಿ ಹಿಮಾಲಯ ದಾಟೋವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನ ಉಪಕರಣ ಕಟ್ಟಿ ದಾಖಲೆ ಮಾಡಿದ್ದಾರೆ. ಅಲ್ಲಿ ಗಾಳಿಯಲ್ಲಿ ಆಮ್ಲಜನಕ ಇಲ್ಲಿನ ಅರ್ಧಕ್ಕಿಂತ ಕಡಿಮೆ. ನೀವು ನಾನು ಅಲ್ಲಿ ನಾಲ್ಕು ಹೆಜ್ಜೆ ಇಟ್ರೆ ಕೂತ್ಕೊಂಡು ಬಿಡ್ತೀವಿ. ಇದರ ರಕ್ತವೇ ಬೇರೆ ಥರ ಇದೆ, ಇರೋ ಸ್ವಲ್ಪ ಆಮ್ಲಜನಕವನ್ನ ಬಿಗಿಯಾಗಿ ಹಿಡಿದುಕೊಳ್ಳುತ್ತೆ.

ಇನ್ನೊಂದು ಮಾತು, ಇದು ನನಗೆ ಬಹಳ ಹಿಡಿಸಿದ್ದು. ಹೆಬ್ಬಾತು ಮರಿಗೆ ದಾರಿ ಹುಟ್ಟಿನಿಂದಲೇ ಪೂರ್ತಿ ಗೊತ್ತಿರಲ್ಲ. ಮೊದಲ ವರ್ಷ ಅಪ್ಪ ಅಮ್ಮನ ಜೊತೆ ಹಾರಿ ಬಂದು ಕಲಿಯುತ್ತೆ. ಯಾವ ಕೆರೆ, ಯಾವ ಹೊಲ, ಎಲ್ಲಿ ನಾಯಿ ಕಾಟ, ಎಲ್ಲಿ ಇಲ್ಲ, ಎಲ್ಲ. ಅಂದ್ರೆ ಬೋನಾಳದ ದಾರಿ ಅನ್ನೋದು ಒಂದು ತಲೆಮಾರು ಇನ್ನೊಂದಕ್ಕೆ ಕೊಟ್ಟು ಹೋಗೋ ಆಸ್ತಿ. ಇಂಥವರನ್ನ ಅತಿಥಿ ಅಂದ್ರೆ ಹೇಗೆ? ಇವರು ಹಳೇ ಒಕ್ಕಲು.

ಇನ್ನು ಜಂಬುಕೋಳಿ ಕಥೆ ಕೇಳಿ. ಅದು ಎಲ್ಲಿಗೂ ಹೋಗಲ್ಲ. ಮಳೆಗಾಲದಲ್ಲಿ ಅದೇ ಆಪಿನ ಒಳಗೆ ಗೂಡು ಕಟ್ಟಿ ಮೊಟ್ಟೆ ಇಡುತ್ತೆ. ಅದಕ್ಕೆ ವೀಸಾ ಇಲ್ಲ, ಸಿನಿಮಾ ಹಾಡೂ ಇಲ್ಲ. ಹೀಗಾಗಿ ನಮ್ಮ ನಲವತ್ತು ಸೆಕೆಂಡಿನಲ್ಲಿ ಅದು ಬರೋದೇ ಇಲ್ಲ.

ಅತಿಥಿ ಅಂದ ಕೂಡಲೇ ನಮ್ಮ ತಲೆ ಹೇಗೆ ಓಡುತ್ತೆ ನೋಡಿ. ಅತಿಥಿ ಬರ್ತಾರೆ, ಮನೆ ಸಿಂಗಾರ ಮಾಡಬೇಕು. ಲೈಟು ಹಾಕಬೇಕು, ಗೇಟು ಕಟ್ಟಬೇಕು, ದಂಡೆಗೆ ಟೈಲ್ಸ್ ಹಾಕಬೇಕು, ಬೋಟಿಂಗ್ ಬಿಡಬೇಕು. ಅತಿಥಿ ಹೋದ ಮೇಲೆ ಮನೆ ಹೇಗಿದ್ರೂ ನಡೆಯುತ್ತೆ! ಒಕ್ಕಲು ಅಂದ್ರೆ ಹಾಗಲ್ಲ. ಒಕ್ಕಲಿಗೆ ವರ್ಷಪೂರ್ತಿ ಇರೋ ಹಕ್ಕು ಇರುತ್ತೆ, ನೀರಿನಲ್ಲಿ ಪಾಲು ಇರುತ್ತೆ.

ಈ ಪಾಲಿನ ಮಾತಿಗೆ ಬರೋದಕ್ಕೆ ಮುಂಚೆ ಕೆರೆ ಯಾರದು ಅಂತ ಸ್ವಲ್ಪ ಹಿಂದೆ ಹೋಗೋಣ.

ಸುರಪುರದ ನಾಯಕರು ಅಂದ್ರೆ ಸಾಮಾನ್ಯರಲ್ಲ. 1705ರಲ್ಲಿ ಔರಂಗಜೇಬ ಬಾದಶಹ ತನ್ನ ಜೀವನದ ಕೊನೇ ದೊಡ್ಡ ಮುತ್ತಿಗೆ ಹಾಕಿದ್ದು ಇವರ ವಾಗಿನಗೇರಾ ಕೋಟೆಗೆ. ದಿಲ್ಲಿಯ ಸಿಂಹಾಸನದವನು ಈ ಬೇಡರ ಕೋಟೆ ಮುಂದೆ ತಿಂಗಳುಗಟ್ಟಲೆ ಕೂತ. ಆ ನಾಯಕರ ಕಾಲದಲ್ಲಿ ಕಟ್ಟಿದ ಕೆರೆ ಬೋನಾಳದ್ದು. ಯುದ್ಧ ಮಾಡೋರು ಕೆರೆನೂ ಕಟ್ಟಿಸ್ತಿದ್ರು. ಆಮೇಲೆ 19ನೇ ಶತಮಾನದಲ್ಲಿ ಅದನ್ನ ದುರಸ್ತಿ ಮಾಡಿಸಿದವನು ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ. ರಾಜಾ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ ಇದ್ದಾಗ ಸಂಸ್ಥಾನ ನೋಡಿಕೊಳ್ಳೋಕೆ ಬಂದು, 1853ರವರೆಗೆ ಅಲ್ಲಿದ್ದ. ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಇದೆ. ತಮಾಷೆ ಅಂದ್ರೆ ಈ ಮನುಷ್ಯ ಯಾವ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲೂ ಹತ್ತಿದವನಲ್ಲ. ಹದಿನೈದನೇ ವಯಸ್ಸಿಗೆ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಅಂತ ಹಡಗು ಹತ್ತಿ ಬಂದವನು. ಸರ್ವೆ, ರಸ್ತೆ, ಕೆರೆ, ಕಾನೂನು ಎಲ್ಲ ತಾನೇ ಕಲಿತ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಕೊನೆಗೆ ಟೀವಿಯಲ್ಲಿ ಮಾತಾಡ್ತಾ ಕೂತಿರೋ ನನ್ನಂಥವನಿಗೆ ಇದನ್ನ ಹೇಳೋಕೆ ಸ್ವಲ್ಪ ನಾಚಿಕೆನೇ ಆಗುತ್ತೆ.

ಹಾಗಾದ್ರೆ ಈ ಕೆರೆ ಮನುಷ್ಯ ಕಟ್ಟಿದ್ದು. ನೀರಾವರಿಗೆ ಕಟ್ಟಿದ್ದು. ಹಕ್ಕಿಗೆ ಅಂತ ಕಟ್ಟಿದ್ದಲ್ಲ. ಈ ಮಾತನ್ನ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೋನಾಳವನ್ನ ರಂಗನತಿಟ್ಟು ಬಿಟ್ರೆ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಅಂತ ಎಲ್ಲ ಕಡೆ ಬರೀತಾರೆ. ಯಾವುದರಲ್ಲಿ ಎರಡನೇದು? ವಿಸ್ತೀರ್ಣದಲ್ಲೋ, ಹಕ್ಕಿ ಸಂಖ್ಯೆಯಲ್ಲೋ, ಜಾತಿಗಳ ಲೆಕ್ಕದಲ್ಲೋ? ಯಾರೂ ಹೇಳಲ್ಲ. ನಾವೂ ಕೇಳದೆ ಓದಿದ್ದೀವಿ. ರ‍್ಯಾಂಕ್ ಬಂದಿದೆ ಅಂತ ಖುಷಿಪಟ್ಟು ಮಾರ್ಕ್ಸ್ ಕಾರ್ಡ್ ನೋಡದೇ ಇರೋ ಅಪ್ಪನ ಥರ.

ಈಗ ನೀರಿಗೆ ಬರ್ತೀನಿ. ಎಂಜಿನಿಯರ್ ಕಣ್ಣಿಗೆ ಕೆರೆ ಅಂದ್ರೆ ಒಂದು ಪಾತ್ರೆ. ಎಷ್ಟು ತುಂಬುತ್ತೆ, ಎಷ್ಟು ಎಕರೆಗೆ ಉಣಿಸುತ್ತೆ, ಎಷ್ಟು ಹೂಳು ತುಂಬಿದೆ. ನಮಗೆ ಕಾಲೇಜಲ್ಲಿ ಕಲಿಸಿದ್ದೂ ಅದನ್ನೇ. ಆ ಲೆಕ್ಕದಲ್ಲಿ ಹಕ್ಕಿಗೆ ಅಂತ ಒಂದು ಕಾಲಂ ಇಲ್ಲ. ಪಾತ್ರೆ ಆಳ ಆದಷ್ಟೂ ಒಳ್ಳೇದು, ಮೇಲೆ ಅಗಲ ಕಡಿಮೆ ಇದ್ರೆ ಇನ್ನೂ ಒಳ್ಳೇದು, ಆವಿ ಕಡಿಮೆ ಹೋಗುತ್ತೆ.

ಹಕ್ಕಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಹಕ್ಕಿಗೆ ಬೇಕಾಗಿರೋದು ತೆಳು ನೀರು. ಉಲ್ಲಂಕಿ ಜಾತಿಯ ಸಣ್ಣ ಹಕ್ಕಿಗಳಿಗೆ ಬೆರಳುದ್ದದ ನೀರು ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಕಾಲು ನೆಲ ಮುಟ್ಟಲ್ಲ. ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ, ಬಾಲ ಮೇಲೆ ಮಾಡಿ ಕುತ್ತಿಗೆ ಎಟುಕೋ ಆಳದಲ್ಲಿ ಮಾತ್ರ ತಿನ್ನುತ್ತೆ. ಚಮಚದ ಕೊಕ್ಕಿನ ಹಕ್ಕಿ ನೀರಲ್ಲಿ ನಡ್ಕೊಂಡು ಹೋಗ್ತಾ ಕೊಕ್ಕನ್ನ ಆ ಕಡೆ ಈ ಕಡೆ ಗುಡಿಸಿ ಮೀನು ಹಿಡಿಯುತ್ತೆ. ನಡೆಯೋಕೆ ನೆಲ ಸಿಗಬೇಕಲ್ಲ? ಆಳದ ನೀರಲ್ಲಿ ಕೆಲಸ ಇರೋದು ನೀರುಕಾಗೆ, ಗುಳುಮುಳುಕದಂಥ ಮುಳುಗೋ ಹಕ್ಕಿಗಳಿಗೆ ಮಾತ್ರ.

ಒಂದು ಸಣ್ಣ ಗಣಿತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಳೇ ಕೆರೆಗಳ ಹಿಂಭಾಗ, ನೀರು ಬರೋ ಕಡೆ, ಬಹಳ ನಿಧಾನಕ್ಕೆ ಇಳಿಜಾರು ಇರುತ್ತೆ. ಇನ್ನೂರು ಅಡಿ ನಡೆದ್ರೆ ಒಂದು ಅಡಿ ಇಳಿಯುತ್ತೆ ಅಂತ ಇಟ್ಕೊಳ್ಳಿ. ಆಗ ಒಂದು ಅಡಿಗಿಂತ ಕಡಿಮೆ ಆಳದ ನೀರು ಎಷ್ಟು ಅಗಲದ ಪಟ್ಟಿಯಲ್ಲಿ ನಿಲ್ಲುತ್ತೆ? ಇನ್ನೂರು ಅಡಿ. ಈಗ ಒಂದು ಅಭಿವೃದ್ಧಿ ಯೋಜನೆ ಬಂತು. ಜೆಸಿಬಿ ಬಂತು, ಹೂಳು ತೆಗೆದ್ರು, ಸುತ್ತ ಅಂಚನ್ನ ಕಡಿದು ಕಲ್ಲು ಕಟ್ಟಿದ್ರು. ಈಗ ಎರಡು ಅಡಿಗೆ ಒಂದು ಅಡಿ ಇಳಿಜಾರು. ತೆಳು ನೀರಿನ ಪಟ್ಟಿ ಎಷ್ಟಾಯ್ತು? ಎರಡು ಅಡಿ! ಇನ್ನೂರು ಹೋಗಿ ಎರಡು. ಕೆರೆ ಅಲ್ಲೇ ಇದೆ, ನೀರು ಮೊದಲಿಗಿಂತ ಜಾಸ್ತಿನೇ ಇದೆ, ಉದ್ಘಾಟನೆ ಫೋಟೋದಲ್ಲಿ ಚೆನ್ನಾಗೂ ಕಾಣುತ್ತೆ. ಬಾತು ಬಂದು ಒಂದು ಸುತ್ತು ಹೊಡೆದು ಹೊರಟುಹೋಗುತ್ತೆ.

ಹೂಳು ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ಹೂಳು ಹೊಲಕ್ಕೆ ಬಂಗಾರ, ರೈತರಿಗೆ ಗೊತ್ತು. ದಂಡೆ ಕಡೆ, ತೂಬಿನ ಕಡೆ, ಆಳ ಇರೋ ಕಡೆ ತೆಗೀರಿ. ಹಿಂಭಾಗದ ತೆಳು ನೀರನ್ನ, ನೀರೊಳಗೆ ನಿಂತಿರೋ ಜಾಲಿ ಗಿಡಗಳನ್ನ ಬಿಡಿ. ಆಪು ಕೂಡ ಅಷ್ಟೇ. ಅದು ಕೆರೆ ಪೂರ್ತಿ ಹಬ್ಬಿದ್ರೆ ತೊಂದರೆ, ಪೂರ್ತಿ ಬಳಿದು ‘ಸ್ವಚ್ಛ’ ಮಾಡಿದ್ರೆ ಜಂಬುಕೋಳಿಯ ಮನೆ ಬೀದಿಗೆ ಬಂತು. ಸ್ವಚ್ಛತೆ ಕಾರ್ಯಕ್ರಮ ಇಟ್ಟುಕೊಳ್ಳೋದಾದ್ರೆ ಮೊದಲು ಮೊಟ್ಟೆ ಇಡೋ ತಿಂಗಳು ಯಾವುದು ಅಂತ ಕೇಳಿಕೊಳ್ಳಿ.

ಜಾಲಿ ಗಿಡದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಬಣ್ಣದ ಕೊಕ್ಕರೆ, ಬಾಯ್ಕಳಕ, ಕೆಂಬರಲು ಇವೆಲ್ಲ ನೀರಲ್ಲಿ ನಿಂತ ಮರದ ಮೇಲೆ ಗೂಡು ಕಟ್ಟೋಕೆ ಇಷ್ಟಪಡ್ತವೆ. ಯಾಕೆ? ಕೆಳಗೆ ನೀರಿದ್ರೆ ಬೆಕ್ಕು, ನಾಯಿ, ನರಿ ಹತ್ತಲ್ಲ. ನೀರೇ ಕೋಟೆ ಕಂದಕ. ಮರಿ ಇನ್ನೂ ಹಾರೋಕೆ ಕಲಿತಿಲ್ಲ, ಆಗ ತೂಬು ತೆಗೆದು ನೀರು ಬಿಟ್ರೆ ಕಂದಕ ಬತ್ತಿತು. ಎಷ್ಟೋ ಸಲ ದೊಡ್ಡ ಹಕ್ಕಿ ಗೂಡು ಬಿಟ್ಟೇ ಹೋಗುತ್ತೆ. ಹಾಗಂತ ನೀರು ಬಿಡದಿದ್ರೆ ಕೆಳಗಿನ ಭತ್ತ ಒಣಗುತ್ತೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಎರಡು ಹೊಟ್ಟೆ, ಒಂದು ತೂಬು.

ಆ ಮುತ್ಯಾ ಹೇಳಿದ್ದು ಇದನ್ನೇ. “ಮಂದಿ ಬರ್ತಾರ, ಹಕ್ಕಿ ನೋಡ್ತಾರ, ಹೋಗ್ತಾರ. ನೀರ್ ಯಾರೂ ನೋಡಂಗಿಲ್ಲ ತಮ್ಮಾ. ನೀರ್ ಇದ್ದರ ಹಕ್ಕಿ ಅದಾವ, ನಾವೂ ಅದೀವಿ.”

ನಾರಾಯಣಪುರದ ಬಸವಸಾಗರ ಜಲಾಶಯ ಬಂದು, ಎಡದಂಡೆ ಕಾಲುವೆ ನೀರು ಹರಿದ ಮೇಲೆ ಸುರಪುರ, ಶಹಾಪುರದ ನೆಲದ ಗುಣವೇ ಬದಲಾಗಿದೆ. ಜೋಳ, ಸಜ್ಜೆ, ತೊಗರಿ ಬೆಳೀತಿದ್ದ ಕಡೆ ಈಗ ಭತ್ತದ ಗದ್ದೆ. ಕೆಂಬರಲಿಗೆ, ಬೆಳ್ಳಕ್ಕಿಗೆ ಇದು ಒಂದು ಲೆಕ್ಕಕ್ಕೆ ಹಬ್ಬ. ಗದ್ದೆ ಅಂದ್ರೆ ತೆಳು ನೀರು, ಹುಳ, ಕಪ್ಪೆ, ಏಡಿ. ಇನ್ನೊಂದು ಲೆಕ್ಕಕ್ಕೆ ಭಯ, ಯಾಕಂದ್ರೆ ಅದೇ ಗದ್ದೆಗೆ ಹೊಡೆದ ಔಷಧಿ ಬಸಿ ನೀರಿನ ಜೊತೆ ತಗ್ಗಿನ ಕೆರೆಗೆ ಇಳಿಯುತ್ತೆ. ಔಷಧಿ ಅಂತೀವಿ ನಾವು, ವಿಷಕ್ಕೆ. ಕೆರೆಯ ನೀರು ಕೆಟ್ರೆ ಹಕ್ಕಿ ಒಂದೊಂದಾಗಿ ಸಾಯಲ್ಲ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಏನಾಯ್ತು ನೆನಪಿದೆಯಾ? ಬಾಟುಲಿಸಂ ಅನ್ನೋ ರೋಗ, ಕೆಲವೇ ದಿನಗಳಲ್ಲಿ 18 ಸಾವಿರಕ್ಕೂ ಹೆಚ್ಚು ಹಕ್ಕಿ ಸತ್ತವು. ಅಲ್ಲಿ ಕಾರಣ ಕೀಟನಾಶಕ ಅಲ್ಲ, ಕೊಳೆತದ್ದರಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ. ಆದ್ರೆ ಸಾವಿರಾರು ಹಕ್ಕಿ ಒಂದೇ ಕಡೆ ಸೇರೋ ನೀರಿನ ಮೇಲೆ ಒಂದು ಕಣ್ಣು ಯಾಕೆ ಇರಬೇಕು ಅನ್ನೋದಕ್ಕೆ ಅದಕ್ಕಿಂತ ಉದಾಹರಣೆ ಬೇಡ.

ರೈತನ ತಕರಾರೂ ಇದೆ, ಅದನ್ನ ಮುಚ್ಚಿಟ್ಟು ಮಾತಾಡಿದ್ರೆ ಮೋಸ ಆಗುತ್ತೆ. ಹೆಬ್ಬಾತು ಹಗಲು ನೀರಲ್ಲಿ ಕೂತಿರುತ್ತೆ, ಸಂಜೆ ಆಯ್ತು ಅಂದ್ರೆ ಹೊಲಕ್ಕೆ ಹಾರುತ್ತೆ. ಕೊಯ್ದ ಗದ್ದೆಯಲ್ಲಿ ಬಿದ್ದ ಕಾಳು ತಿಂದ್ರೆ ಯಾರಿಗೂ ಬೇಜಾರಿಲ್ಲ. ಎಳೇ ಪೈರಿಗೆ ಇಳಿದ್ರೆ? ಒಂದೆರಡಲ್ಲ, ನೂರಾರು. ಎಕರೆ ಎರಡೆಕರೆ ಇರೋನಿಗೆ ಅದು ಸಣ್ಣ ಮಾತಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋದು ಊರೊಳಗೆ, ಜನರ ಸ್ವಂತ ಹುಣಸೆ ಮರದ ಮೇಲೆ. ಗೂಡಿದ್ದ ಮರದ ಹುಣಸೆ ಹೋಯ್ತಲ್ಲ, ಅದಕ್ಕೆ ಮರದ ಮಾಲೀಕರಿಗೆ ಸರ್ಕಾರ ಪರಿಹಾರ ಕೊಡೋ ವ್ಯವಸ್ಥೆ ಮಾಡ್ತು. 2007ರಲ್ಲಿ ಆ ಊರನ್ನ ಸಮುದಾಯ ಮೀಸಲು ಅಂತ ಘೋಷಿಸಿದ್ರು. ದುಡ್ಡು ದೊಡ್ಡದೇನಲ್ಲ. ಆದ್ರೆ ‘ನಿನ್ನ ನಷ್ಟ ನಮಗೆ ಗೊತ್ತು’ ಅಂತ ಒಂದು ಕಾಗದ ಹೇಳುತ್ತೆ. ಸುರಪುರದ ಕಡಲೆ ಹೊಲದವನಿಗೂ ಅಂಥ ಕಾಗದ ಒಂದು ಬೇಕು.

ಈಗ ಕಾನೂನು. ನಮ್ಮ ದೇಶ ಜೌಗು ಪ್ರದೇಶಗಳ ರಾಮ್ಸರ್ ಒಪ್ಪಂದಕ್ಕೆ ಸೇರಿದ್ದು 1982ರಲ್ಲಿ. ಇರಾನಿನ ರಾಮ್ಸರ್ ಅನ್ನೋ ಊರಲ್ಲಿ 1971ರ ಫೆಬ್ರವರಿ 2ಕ್ಕೆ ಆದ ಒಪ್ಪಂದ ಅದು; ಅದಕ್ಕೇ ಪ್ರತಿ ವರ್ಷ ಆ ದಿನ ನಾವೆಲ್ಲ ಶುಭಾಶಯ ಕೋರೋದು. 2017ರಲ್ಲಿ ಕೇಂದ್ರ ಸರ್ಕಾರ ಜೌಗು ಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳನ್ನ ಹೊಸದಾಗಿ ತಂತು. ಒತ್ತುವರಿ ಮಾಡಬಾರದು, ಕಾರ್ಖಾನೆ ಕಟ್ಟಬಾರದು, ಕಸ ಸುರಿಯಬಾರದು, ಎಲ್ಲ ಚೆನ್ನಾಗಿದೆ. ಆದ್ರೆ ಜೌಗು ಪ್ರದೇಶ ಅಂದ್ರೆ ಏನು ಅಂತ ಹೇಳೋ ಕಡೆ ಒಂದು ಸಾಲು ಸೇರಿಸಿದ್ದಾರೆ. ನದಿ ಪಾತ್ರ, ಭತ್ತದ ಗದ್ದೆ, ಕುಡಿಯೋ ನೀರಿಗಾಗಿ ಮನುಷ್ಯ ಕಟ್ಟಿದ ಜಲಮೂಲ, ಮತ್ತೆ ಮೀನು ಸಾಕಣೆ, ಉಪ್ಪು ತಯಾರಿ, ಮನರಂಜನೆ, ನೀರಾವರಿಗೆ ಅಂತಲೇ ಕಟ್ಟಿದ್ದು ಇದರಲ್ಲಿ ಬರಲ್ಲ.

ನೀರಾವರಿಗೆ ಅಂತ ಕಟ್ಟಿದ್ದು ಬರಲ್ಲ! ಹೇಳಿ ನೋಡೋಣ, ಕರ್ನಾಟಕದ ಬಯಲುಸೀಮೆಯಲ್ಲಿ ನೀರಾವರಿಗೆ ಅಂತ ಕಟ್ಟದೇ ಇರೋ ಕೆರೆ ಎಷ್ಟಿದೆ? ನಾಯಕರು ಕಟ್ಟಿದ್ದು, ವಿಜಯನಗರದವರು ಕಟ್ಟಿದ್ದು, ಊರ ಗೌಡರು ಕಟ್ಟಿದ್ದು, ಎಲ್ಲ ನೀರಾವರಿಗೇ. ಮುನ್ನೂರು ವರ್ಷ ಹಕ್ಕಿ ಬಂದು ಹೋದ ಕೆರೆ ಇನ್ನೂ ಪಾತ್ರೆಯೇ, ಕಾಗದದ ಮೇಲೆ.

ಇಲ್ಲಿ ಸುಪ್ರೀಂ ಕೋರ್ಟಿನ ಮಾತು ಬೇರೆ ಥರ ಇದೆ. ಇಸ್ರೋದವರು ಉಪಗ್ರಹದಿಂದ ನೋಡಿ ಎರಡೂಕಾಲು ಹೆಕ್ಟೇರಿಗಿಂತ ದೊಡ್ಡ ಜೌಗು ಪ್ರದೇಶ ದೇಶದಲ್ಲಿ 2,01,503 ಇವೆ ಅಂತ ಪಟ್ಟಿ ಮಾಡಿದ್ರು. ಅಷ್ಟಕ್ಕೂ ರಕ್ಷಣೆ ಕೊಡಿ ಅಂತ 2017ರಲ್ಲೇ ಕೋರ್ಟ್ ಹೇಳ್ತು. ಆಮೇಲೆ ಹೊಸ ಎಣಿಕೆಯಲ್ಲಿ ಆ ಸಂಖ್ಯೆ 2,31,195ಕ್ಕೆ ಏರಿತು. 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಮತ್ತೆ ರಾಜ್ಯಗಳಿಗೆ ಹೇಳಿದ್ದು: ಉಪಗ್ರಹದ ಚಿತ್ರ ಸಾಲದು, ನೆಲದ ಮೇಲೆ ಹೋಗಿ ಅಳೆದು ಗಡಿ ಗುರುತಿಸಿ, ಮೂರು ತಿಂಗಳೊಳಗೆ. ಗಡಿಕಲ್ಲು ಅನ್ನೋದು ಹಕ್ಕಿಗಿಂತ ಬೋರಿಂಗ್ ಸುದ್ದಿ, ನನಗೆ ಗೊತ್ತು. ಆದ್ರೆ ಗಡಿಕಲ್ಲು ಇಲ್ಲದ ಕೆರೆ ಬೇಸಿಗೆಯಲ್ಲಿ ಪ್ರತಿ ವರ್ಷ ಒಂದೊಂದು ಕುಂಟೆ ಸಣ್ಣದಾಗುತ್ತೆ. ನೀರು ಹಿಂದೆ ಸರಿದ ಕಡೆ ಒಂದು ಬೆಳೆ ತೆಗೆದ್ರು, ಮುಂದಿನ ವರ್ಷ ಒಂದು ಬದು ಹಾಕಿದ್ರು, ಅದರ ಮುಂದಿನ ವರ್ಷ ಬೋರು ಕೊರೆದ್ರು.

ಕಷ್ಟ ಏನಂದ್ರೆ ಒಂದೇ ಕೆರೆಗೆ ನಾಲ್ಕು ಮಂದಿ ಯಜಮಾನರು. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇದ್ರೆ ಸಣ್ಣ ನೀರಾವರಿ, ಕಡಿಮೆ ಇದ್ರೆ ಪಂಚಾಯಿತಿ. ಮೀನು ಮೀನುಗಾರಿಕೆಯವರದು. ಹಕ್ಕಿ ಅರಣ್ಯದವರದು. ಒತ್ತುವರಿ ಬಿಡಿಸಬೇಕಂದ್ರೆ ಕಂದಾಯ. ಹಕ್ಕಿ ಮೊಟ್ಟೆ ಇಟ್ಟಿದೆ, ನೀರು ಹತ್ತು ದಿನ ತಡೀರಿ ಅಂತ ಹೇಳಬೇಕಾದವರು ಒಬ್ಬರು, ತೂಬಿನ ಕೀಲಿ ಇರೋದು ಇನ್ನೊಬ್ಬರ ಹತ್ತಿರ. ನಾನು ವರದಿಗಾರನಾಗಿದ್ದಾಗ ಬೇರೆ ಒಂದು ಜಿಲ್ಲೆಯ ಕೆರೆ ಬಗ್ಗೆ ಒಂದು ಪ್ರಶ್ನೆ ಹಿಡಿದು ಹೊರಟೆ. ಮೊದಲ ಕಚೇರಿ ಎರಡನೆಯದಕ್ಕೆ ಕಳಿಸ್ತು, ಎರಡನೆಯದು ಮೂರನೆಯದಕ್ಕೆ, ಮೂರನೆಯವರು ಚಹಾ ಕುಡಿಸಿ ಮತ್ತೆ ಮೊದಲನೆಯದಕ್ಕೇ ಕಳಿಸಿದ್ರು. ಚಹಾ ಚೆನ್ನಾಗಿತ್ತು.

ಆಗಲ್ಲ ಅಂತೇನಿಲ್ಲ. ಎರಡು ಕೆರೆ ಹೆಸರು ಹೇಳ್ತೀನಿ. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅದೂ ಶತಮಾನಗಳ ಹಿಂದೆ ಕಟ್ಟಿದ ನೀರಾವರಿ ಕೆರೆಯೇ, 98.76 ಹೆಕ್ಟೇರ್, ಒಳಗೆಲ್ಲ ಕರಿಜಾಲಿ. ಇನ್ನೊಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಅಲ್ಲಿ ಸೇರೋ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಗುಂಪು ದಕ್ಷಿಣ ಭಾರತಕ್ಕೇ ಹೆಸರು. ಈ ಎರಡನ್ನೂ ಮೊದಲು ಸಂರಕ್ಷಣಾ ಮೀಸಲು ಅಂತ ಮಾಡಿದ್ರು. 2024ರ ಜನವರಿಯಲ್ಲಿ ಎರಡಕ್ಕೂ ರಾಮ್ಸರ್ ಪಟ್ಟ ಸಿಕ್ಕಿತು, ಅಘನಾಶಿನಿ ಅಳಿವೆಯ ಜೊತೆಗೆ. ಅದಕ್ಕೆ ಮುಂಚೆ ನಮ್ಮ ರಾಜ್ಯಕ್ಕೆ ಇದ್ದದ್ದು 2022ರಲ್ಲಿ ಬಂದ ರಂಗನತಿಟ್ಟು ಒಂದೇ. ಅಂದ್ರೆ ನೀರಾವರಿ ಕೆರೆ ಅಂತರರಾಷ್ಟ್ರೀಯ ಪಟ್ಟಿಗೆ ಹೋಗಬಹುದು, ಬಾಗಿಲು ತೆರೆದಿದೆ. ಕಾಗದದ ಮೇಲಿನ ಆ ಒಂದು ಸಾಲು ನೆಪ ಅಷ್ಟೆ.

ಸಂರಕ್ಷಣಾ ಮೀಸಲು ಅನ್ನೋದು ಅಭಯಾರಣ್ಯದ ಹಾಗೆ ಜನರನ್ನ ಹೊರಗೆ ಹಾಕೋ ವ್ಯವಸ್ಥೆ ಅಲ್ಲ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ಮಾಡಿದ ತಿದ್ದುಪಡಿಯಿಂದ ಬಂದದ್ದು. ಸ್ಥಳೀಯರ ಜೊತೆ ಮಾತಾಡಿಯೇ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರು ಕೂರಬೇಕು. ಬೋನಾಳದಂಥ ಕೆರೆಗೆ ಬೇಕಾಗಿರೋದು ಇಂಥ ಒಂದು ಮೇಜು. ಆ ಮೇಜಿನ ಮೇಲೆ ತೂಬಿನ ಕೀಲಿ ಇರಬೇಕು. ಬೋರ್ಡಿನ ಮೇಲೆ ಏನು ಹೆಸರು ಬರೆದಿದೆ ಅನ್ನೋದು ಆಮೇಲೆ. ಯಾವ ತಿಂಗಳು ನೀರು ಎಷ್ಟು ಅಡಿಗಿಂತ ಕೆಳಗೆ ಹೋಗಬಾರದು, ಮೀನಿನ ಟೆಂಡರ್‌ನವನು ಯಾವ ಭಾಗಕ್ಕೆ ಯಾವ ತಿಂಗಳಲ್ಲಿ ಬಲೆ ಹಾಕಬಾರದು, ಯಾರ ಹೊಲಕ್ಕೆ ಹೆಬ್ಬಾತು ಇಳಿಯಿತು, ಇಷ್ಟು ಬರೆದಿಡೋಕೆ ಒಂದು ನೂರು ಪುಟದ ಪುಸ್ತಕ ಸಾಕು. ಕಲ್ಯಾಣ ಕರ್ನಾಟಕಕ್ಕೆ 371-ಜೆ ಇದೆ, ಅಭಿವೃದ್ಧಿ ಮಂಡಳಿ ಇದೆ, ದುಡ್ಡಿಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ. ಆ ದುಡ್ಡಲ್ಲಿ ದಂಡೆಗೆ ಟೈಲ್ಸ್ ಹಾಕಿಬಿಡ್ತಾರೇನೋ ಅನ್ನೋದು ನನ್ನ ಹೆದರಿಕೆ.

ಇನ್ನೊಂದು ಕೆಲಸಕ್ಕೆ ಸರ್ಕಾರವೇ ಬೇಡ. ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿ ಗಣತಿ ನಡೆಯುತ್ತೆ, 1987ರಿಂದ. ದುರ್ಬೀನು, ನೋಟ್‌ಬುಕ್ಕು, ಎರಡು ಗಂಟೆ ತಾಳ್ಮೆ ಇದ್ರೆ ಯಾರು ಬೇಕಾದ್ರೂ ಎಣಿಸಬಹುದು. ಸುರಪುರ, ಶಹಾಪುರ, ಯಾದಗಿರಿಯ ಕಾಲೇಜು ಹುಡುಗರು ಬೋನಾಳ ಒಂದೇ ಅಲ್ಲ, ಹತ್ತಿಕುಣಿ, ಸೌದಾಗರ್ ಜಲಾಶಯಕ್ಕೂ ಹೋಗಿ ಪ್ರತಿ ವರ್ಷ ಒಂದೇ ವಾರದಲ್ಲಿ ಎಣಿಸಿದ್ರೆ ಐದು ವರ್ಷಕ್ಕೆ ಒಂದು ಲೆಕ್ಕ ಸಿಗುತ್ತೆ. ಹಕ್ಕಿ ಕಡಿಮೆ ಆಗಿದೆ ಅಂತ ಒಬ್ಬರು, ಜಾಸ್ತಿ ಆಗಿದೆ ಅಂತ ಒಬ್ಬರು ನಮ್ಮ ಮೈಕಿಗೆ ಹೇಳ್ತಾರೆ. ಸಂಖ್ಯೆ ಕೈಯಲ್ಲಿದ್ರೆ ಟೀವಿಯವರೂ ಸ್ವಲ್ಪ ಹೆದರ್ತೀವಿ. ನನ್ನ ಅನುಭವದ ಮಾತು ಇದು.

ಅವತ್ತು ಸಂಜೆ ಬಸ್ಸಿಗೆ ಹೊತ್ತಾಗ್ತಿತ್ತು, ಆದ್ರೂ ದಂಡೆ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಸೂರ್ಯ ಇಳೀತಿದ್ದಂಗೆ ಹೆಬ್ಬಾತುಗಳಲ್ಲಿ ಒಂದು ಗಲಾಟೆ ಶುರುವಾಯ್ತು. ಮೊದಲು ಒಂದು ಸಣ್ಣ ಗುಂಪು ಎದ್ದಿತು, ಹಿಂದೆ ಇನ್ನೊಂದು, ಆಮೇಲೆ ಎಲ್ಲ ಒಟ್ಟಿಗೆ. ತಲೆ ಮೇಲಿಂದ ಹೋಗೋವಾಗ ರೆಕ್ಕೆ ಸದ್ದು ಕೇಳಿಸ್ತಿತ್ತು. ಮುತ್ಯಾ ಎಮ್ಮೆ ಹೊಡ್ಕೊಂಡು ಇಳಿಯೋಕೆ ಹೊರಟವರು ಅವು ಯಾವ ಕಡೆ ತಿರುಗ್ತವೆ ಅಂತ ಕೈ ಅಡ್ಡ ಹಿಡಿದು ನೋಡ್ತಾ ನಿಂತ್ರು. ಅವರ ಅಳಿಯನ ಕಡಲೆ ಹೊಲ ಅದೇ ದಿಕ್ಕಿಗೆ ಇತ್ತಂತೆ. ನಂತರ “ಅತ್ತಾಗ ಹೋದ್ವು, ಪಾಡಾತು” ಅಂತ ಹೇಳಿ ಹೊರಟ್ರು.

ನಾನು ಬೆಂಗಳೂರಿಗೆ ಬಂದ ದಿನವೇ ಹೆಡ್‌ಲೈನ್ ಬರೆಯೋ ಹುಡುಗನನ್ನ ಕರೆದು ‘ವಿದೇಶಿ ಅತಿಥಿ’ ಪದ ಇನ್ನು ಮೇಲೆ ಬೇಡ ಅಂದೆ. “ಮತ್ತೆ ಏನು ಹಾಕ್ಲಿ ಸರ್, ಅದು ಬಿಟ್ರೆ ಯಾರೂ ನೋಡಲ್ಲ” ಅಂದ. ನಲವತ್ತು ಸೆಕೆಂಡನ್ನ ಎರಡು ನಿಮಿಷ ಮಾಡು, ಕೆರೆಯ ನೀರಿನ ಮಟ್ಟ ಹಾಕು, ತೂಬು ತೋರಿಸು, ಪಕ್ಕದ ರೈತನ ಮಾತು ಹಾಕು ಅಂದೆ. ಹುಡುಗ ಹೂಂ ಅಂದಿದ್ದಾನೆ. ಸಿನಿಮಾ ಹಾಡು ಮಾತ್ರ ಇರಲಿ ಸರ್ ಅಂತ ಕೇಳ್ತಿದ್ದಾನೆ.